ವ್ಯವಹಾರದ ಮಾತು: ಬೇಸರ ತರುವ ನುಡಿಗಳು, ಬೇಡದ ಪ್ರಶ್ನೆಗಳು

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ವರ್ತಕರ ಹಾಗೂ ಸಣ್ಣ ಉದ್ದಿಮೆದಾರರ ಮಟ್ಟಿಗೆ ಇದಕ್ಕೆ ಇನ್ನೊಂದು ಮಾತನ್ನೂ ಸೇರಿಸಬಹುದು: ಮಾತು ಬಲ್ಲವನಿಗೆ ಬಾಕಿಯೂ ಕಡಿಮೆ. ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ, ಕಾರ್ಖಾನೆಯ ಕಚೇರಿಯಲ್ಲಿ, ದೂರವಾಣಿಯಲ್ಲಿ ನಾವು ದಿನವೂ ಆಡುವ ಕೆಲವು ಮಾತುಗಳು ಕೇಳುವವರಿಗೆ ಕಿರಿಕಿರಿಯನ್ನುಂಟುಮಾಡುತ್ತವೆ. ಇದು ಕೇವಲ ಸಭ್ಯತೆಯ ವಿಷಯವೆಂದು ಬಿಟ್ಟುಬಿಡುವುದು ರೂಢಿ. ಆದರೆ ಪರಿಶೀಲಿಸಿದರೆ, ಇಂತಹ ಮಾತುಗಳಲ್ಲಿ ಹೆಚ್ಚಿನವು ಎದುರಿನವರಿಗೆ ತಿಳಿಯಲೇಬೇಕಾದ ವಿಷಯವನ್ನು ಮರೆಸುತ್ತವೆ, ಇಲ್ಲವೇ ಅವರು ತಿಳಿಸಬೇಕಾಗಿಲ್ಲದ ವಿಷಯವನ್ನು ಕೇಳುತ್ತವೆ. ಎರಡರ ನಷ್ಟವೂ ಕೊನೆಗೆ ವ್ಯವಹಾರದ ಮೇಲೆಯೇ ಬೀಳುತ್ತದೆ.

‘ನಾಳೆ ಬನ್ನಿ’ ಎಂಬ ಉತ್ತರ

1990ರ ದಶಕದಲ್ಲಿ ಕರ್ನಾಟಕದ ಅನೇಕ ಊರುಗಳಲ್ಲಿ, ರಾತ್ರಿ ಬಾಗಿಲು ತಟ್ಟುವ ದೆವ್ವವನ್ನು ಹಿಂದಿರುಗಿಸಲೆಂದು ಜನರು ಮನೆಯ ಬಾಗಿಲಿನ ಮೇಲೆ ‘ನಾಳೆ ಬಾ’ ಎಂದು ಬರೆದುಕೊಂಡಿದ್ದರು. ಬಾಕಿ ಕೇಳಲು ಬಂದವರಿಗೆ ನಮ್ಮಲ್ಲಿ ಅನೇಕರು ಹೇಳುವುದೂ ಇದನ್ನೇ. ‘ನೋಡೋಣ’, ‘ಮಾಡೋಣ’, ‘ಒಂದೆರಡು ದಿನ ತಡೆಯಿರಿ’, ‘ಗಾಡಿ ದಾರಿಯಲ್ಲಿದೆ’, ‘ಸಾಹೇಬರು ಊರಲ್ಲಿಲ್ಲ’ ಎಂಬುವು ಇದೇ ವರ್ಗಕ್ಕೆ ಸೇರಿದ ನುಡಿಗಳು. ಇವುಗಳಲ್ಲಿ ಒಪ್ಪಿಗೆಯೂ ಇಲ್ಲ, ನಿರಾಕರಣೆಯೂ ಇಲ್ಲ. ಕೇಳಿದವರು ತಮ್ಮ ಮುಂದಿನ ಹೆಜ್ಜೆಯನ್ನು ನಿರ್ಧರಿಸಲಾರದೆ ಮತ್ತೆ ಮತ್ತೆ ಬರಬೇಕಾಗುತ್ತದೆ. ಹಣವಿಲ್ಲ ಎಂಬ ಉತ್ತರಕ್ಕಿಂತಲೂ ಈ ಅನಿಶ್ಚಿತತೆಯೇ ಅವರನ್ನು ಹೆಚ್ಚು ರೇಗಿಸುತ್ತದೆ.

‘ಇಲ್ಲ’ ಎನ್ನುವುದು ನಮ್ಮ ಸಂಪ್ರದಾಯದಲ್ಲಿ ಅಶುಭವೆಂಬ ಭಾವನೆಯಿದೆ. ಮನೆಯಲ್ಲಿ ಅಕ್ಕಿ ಮುಗಿದರೆ ‘ಹೆಚ್ಚಾಗಿದೆ’ ಎನ್ನುವವರಿದ್ದಾರೆ. ಹೊರಡುವವರು ‘ಹೋಗಿ ಬರುತ್ತೇನೆ’ ಎನ್ನುತ್ತಾರೆ. ಮನೆಯ ಮಟ್ಟಿಗೆ ಇದು ಸೊಗಸಾದ ನಡವಳಿಕೆ. ವ್ಯವಹಾರದಲ್ಲಿ ಮಾತ್ರ ‘ಇಂದು ಆಗದು, 18ನೇ ತಾರೀಖು ಗುರುವಾರ ಅರ್ಧ ಮೊತ್ತ ಕೊಡುತ್ತೇವೆ’ ಎನ್ನುವುದೇ ನಿಜವಾದ ಸೌಜನ್ಯ.

ಈ ವಿಷಯದಲ್ಲಿ ಕಾನೂನು ಕೂಡ ದಿನಾಂಕವನ್ನೇ ಕೇಳುತ್ತದೆ. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಅಧಿನಿಯಮ, 2006ರ ಪ್ರಕಾರ, ನೋಂದಾಯಿತ ಸೂಕ್ಷ್ಮ ಅಥವಾ ಸಣ್ಣ ಉದ್ಯಮದಿಂದ ಸರಕು ಪಡೆದ ಖರೀದಿದಾರರು ಲಿಖಿತ ಒಪ್ಪಂದದಲ್ಲಿರುವ ದಿನಾಂಕದೊಳಗೆ ಹಣ ಪಾವತಿಸಬೇಕು. ಆ ಅವಧಿ ಸರಕನ್ನು ಸ್ವೀಕರಿಸಿದ ದಿನದಿಂದ 45 ದಿನಗಳನ್ನು ಮೀರುವಂತಿಲ್ಲ. ಒಪ್ಪಂದವಿಲ್ಲದಿದ್ದರೆ 15 ದಿನಗಳ ಲೆಕ್ಕ. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ದರದಲ್ಲಿ, ತಿಂಗಳಿಗೊಮ್ಮೆ ಚಕ್ರಬಡ್ಡಿ ಸೇರುತ್ತದೆ. ‘ಮಾಲು ಸರಿಯಿಲ್ಲ’ ಎಂಬ ಬಾಯಿಮಾತಿನ ದೂರು ಈ ಗಡುವನ್ನು ಮುಂದೂಡುವುದಿಲ್ಲ. ಆಕ್ಷೇಪವನ್ನು ಸರಕು ತಲುಪಿದ 15 ದಿನಗಳೊಳಗೆ ಬರವಣಿಗೆಯಲ್ಲಿ ತಿಳಿಸಿರಬೇಕು. ಆದುದರಿಂದ ಮಾರುವವರಾಗಲಿ ಕೊಳ್ಳುವವರಾಗಲಿ ‘ನೋಡೋಣ’ ಎಂಬ ಮಾತನ್ನು ನೆಚ್ಚಿಕೊಂಡರೆ ಅದರಿಂದ ಲಾಭವಿಲ್ಲ. ವರ್ತಕರಿಗೆ 2021ರಿಂದ ಉದ್ಯಮ್ ನೋಂದಣಿಗೆ ಅವಕಾಶ ದೊರೆತಿದ್ದರೂ ಅದು ಆದ್ಯತಾ ವಲಯದ ಸಾಲಕ್ಕಷ್ಟೇ ಸೀಮಿತವಾಗಿದ್ದು, ವಿಳಂಬ ಪಾವತಿಯ ಈ ರಕ್ಷಣೆ ಅವರಿಗೆ ಅನ್ವಯಿಸುವುದಿಲ್ಲ ಎಂಬುದನ್ನು ಗಮನಿಸಬೇಕು. ಅವರು ಲಿಖಿತ ದಿನಾಂಕಕ್ಕೆ ಇನ್ನೂ ಹೆಚ್ಚಿನ ಮಹತ್ವ ಕೊಡಬೇಕಾಗುತ್ತದೆ.

ಮಾತಿನ ದೋಷ, ಲೆಕ್ಕದ ದೋಷ

ಉಚ್ಚಾರದ ಹಾಗೂ ಕಾಗುಣಿತದ ತಪ್ಪುಗಳನ್ನು ನಾವು ನಗೆಯಾಡಿ ಮರೆಯುತ್ತೇವೆ. ‘ಅಕ್ಕಿ’ ‘ಹಕ್ಕಿ’ಯಾಗುವುದು, ‘ಧನಲಕ್ಷ್ಮಿ’ ಫಲಕದ ಮೇಲೆ ‘ದನಲಕ್ಷ್ಮಿ’ಯಾಗುವುದು ಹೊಸತಲ್ಲ. ‘ಶೇಕಡಾ 10 ಪರ್ಸೆಂಟ್’, ‘ರೂ. 500 ರೂಪಾಯಿ’ ಎಂಬ ದ್ವಿರುಕ್ತಿಗಳೂ ಎಲ್ಲೆಡೆ ಕಾಣುತ್ತವೆ. ಇವು ಅಂಗಡಿಯ ಗೌರವವನ್ನು ಸ್ವಲ್ಪ ಕುಗ್ಗಿಸಿಯಾವು, ಅಷ್ಟೆ. ಹಣವನ್ನು ಕಳೆಯುವ ದೋಷಗಳೇ ಬೇರೆ.

ಮೊದಲನೆಯದು ಕಾಲಕ್ಕೆ ಸಂಬಂಧಿಸಿದ್ದು. ನಮ್ಮ ಆಡುಮಾತಿನಲ್ಲಿ ‘ಎಂಟು ದಿನ’ ಎಂದರೆ ಒಂದು ವಾರ, ‘ಹದಿನೈದು ದಿನ’ ಎಂದರೆ ಎರಡು ವಾರ. ಕೇಳಿದವರು ಎಣಿಸಿಕೊಂಡು ಬಂದರೆ ಒಂದು ದಿನದ ವ್ಯತ್ಯಾಸ ಬರುತ್ತದೆ. ‘ಹದಿನೈದು ದಿನದಲ್ಲಿ’ ಎಂದರೆ ಒಬ್ಬರಿಗೆ ಆ ಅವಧಿಯೊಳಗೆ, ಇನ್ನೊಬ್ಬರಿಗೆ ಆ ಅವಧಿಯ ನಂತರ. ಶುಕ್ರವಾರ ಆಡಿದ ‘ಮುಂದಿನ ಸೋಮವಾರ’ವೂ ಹೀಗೆಯೇ ಎರಡು ಅರ್ಥ ಕೊಡುತ್ತದೆ.

ಎರಡನೆಯದು ಬೆಲೆಗೆ ಸಂಬಂಧಿಸಿದ್ದು. ಪೊಟ್ಟಣದ ಸರಕಿನ ಮೇಲಿನ ಗರಿಷ್ಠ ಚಿಲ್ಲರೆ ಬೆಲೆ ಎಲ್ಲ ತೆರಿಗೆಗಳನ್ನೂ ಒಳಗೊಂಡಿರುತ್ತದೆ. ಉತ್ಪಾದಕರು ಹೇಳುವ ದರ ಸಾಮಾನ್ಯವಾಗಿ ತೆರಿಗೆ ಬಿಟ್ಟ ದರ. ‘ಒಂದು ಲಕ್ಷಕ್ಕೆ ಮುಗಿಸೋಣ’ ಎಂದು ಮಾತ್ರ ಹೇಳಿದರೆ, ಶೇಕಡಾ 18ರ ಜಿ.ಎಸ್.ಟಿ. ಇರುವ ಸರಕಿಗೆ ಒಬ್ಬರ ಲೆಕ್ಕದಲ್ಲಿ ಒಟ್ಟು ರೂ. 1,18,000 ಆಗುತ್ತದೆ. ಇನ್ನೊಬ್ಬರ ಲೆಕ್ಕದಲ್ಲಿ ಸರಕಿನ ಬೆಲೆ ರೂ. 84,746, ತೆರಿಗೆ ರೂ. 15,254. ‘ತೆರಿಗೆ ಸೇರಿ’ ಅಥವಾ ‘ತೆರಿಗೆ ಪ್ರತ್ಯೇಕ’ ಎಂಬ ಎರಡೇ ಪದಗಳು ಈ ಜಗಳವನ್ನು ತಪ್ಪಿಸುತ್ತವೆ.

ಮೂರನೆಯದು ಸಂಖ್ಯೆಯನ್ನು ಹೇಳುವ ಬಗೆ. ದೂರವಾಣಿಯಲ್ಲಿ ‘ಫಿಫ್ಟೀನ್’ ಮತ್ತು ‘ಫಿಫ್ಟಿ’ ಒಂದೇ ಆಗಿ ಕೇಳಿಸುವುದು ಸಾಮಾನ್ಯ. ಅದೇ ಸಂಖ್ಯೆಗಳನ್ನು ‘ಹದಿನೈದು’, ‘ಐವತ್ತು’ ಎಂದರೆ ಗೊಂದಲಕ್ಕೆ ಎಡೆಯಿಲ್ಲ. ಬೇಡಿಕೆ ಪಡೆದವರು ಅದನ್ನು ಒಮ್ಮೆ ಮರಳಿ ಓದಿ ಹೇಳುವುದು ಅಭ್ಯಾಸವಾಗಬೇಕು.

ಗ್ರಾಹಕರ ಮನಸ್ಸನ್ನು ಮುರಿಯುವ ಮಾತು

‘ತೆಗೆದುಕೊಳ್ಳುವುದಾದರೆ ಮಾತ್ರ ಬಿಚ್ಚಿ ತೋರಿಸುತ್ತೇನೆ’, ‘ಇದು ನಿಮಗೆ ದುಬಾರಿಯಾದೀತು’, ಒಬ್ಬರೇ ಬಂದ ಮಹಿಳೆಗೆ ‘ಯಜಮಾನರನ್ನು ಕರೆದುಕೊಂಡು ಬನ್ನಿ’ ಎಂಬ ಮಾತುಗಳು ಕೊಳ್ಳುವವರ ಶಕ್ತಿಯನ್ನು ಅಳೆದು ತೀರ್ಪು ಕೊಡುತ್ತವೆ. ‘ಯಾವ ಬೆಲೆಯಿಂದ ತೋರಿಸಲಿ?’ ಎಂಬ ಪ್ರಶ್ನೆ ಅದೇ ಕೆಲಸವನ್ನು ಅವಮಾನವಿಲ್ಲದೆ ಮಾಡುತ್ತದೆ. ‘ದೇವರಾಣೆಗೂ ಅಸಲೇ ಹುಟ್ಟುವುದಿಲ್ಲ’ ಎಂಬ ಮಾತನ್ನು ಇಂದು ಯಾರೂ ನಂಬುವುದಿಲ್ಲ. ಅದನ್ನು ಕೇಳಿದೊಡನೆ ಗ್ರಾಹಕರು ಉಳಿದ ಮಾತುಗಳನ್ನೂ ಸಂಶಯಿಸತೊಡಗುತ್ತಾರೆ.

ಸಂಬೋಧನೆಯೂ ಮುಖ್ಯ. ಅಪರಿಚಿತರನ್ನು, ಅವರ ಉಡುಪು ಎಂತಹುದೇ ಇರಲಿ, ಏಕವಚನದಲ್ಲಿ ಕರೆಯುವುದು ಸಲ್ಲದು. ‘ಆಂಟಿ’ ಎಂದು ಕರೆಸಿಕೊಳ್ಳಲು ಇಷ್ಟಪಡದವರಿಗೆ ‘ಅಕ್ಕ’, ‘ಅಮ್ಮ’ ಎಂಬ ನಮ್ಮ ಪದಗಳಿವೆ. ‘ರೀ’ ಎಂಬ ಒಂದಕ್ಷರ ಉತ್ತರ ಕರ್ನಾಟಕದಲ್ಲಿ ಎಲ್ಲರಿಗೂ ಸಲ್ಲುತ್ತದೆ. ಹಿರಿಯ ಕೆಲಸಗಾರರನ್ನು ಗ್ರಾಹಕರ ಎದುರಿಗೆ ‘ಏ’ ಎಂದು ಕೂಗುವ ಯಜಮಾನರ ಬಗ್ಗೆ ಗ್ರಾಹಕರಿಗೂ ಒಳ್ಳೆಯ ಅಭಿಪ್ರಾಯ ಮೂಡುವುದಿಲ್ಲ.

‘ಒಮ್ಮೆ ಮಾರಿದ ಸರಕನ್ನು ಹಿಂದಕ್ಕೆ ಪಡೆಯುವುದಿಲ್ಲ’ ಎಂಬ ಬರಹ ಹಲವು ಬಿಲ್ಲುಗಳ ಕೆಳಗೆ ಇಂದಿಗೂ ಅಚ್ಚಾಗುತ್ತಿದೆ. 2020ರ ಜುಲೈನಿಂದ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರಂತೆ, ದೋಷಯುಕ್ತ ಸರಕನ್ನು ಬಿಲ್ಲಿನಲ್ಲಿರುವ ಅವಧಿಯೊಳಗೆ, ಅವಧಿ ನಮೂದಿಸದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆದು ಹಣ ಮರಳಿಸಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಈ ಬರಹ ಗ್ರಾಹಕರನ್ನು ಕೆರಳಿಸುವುದಲ್ಲದೆ ಮಾರಾಟಗಾರರನ್ನು ರಕ್ಷಿಸುವುದೂ ಇಲ್ಲ.

ಕೇಳಬಾರದ ಪ್ರಶ್ನೆಗಳು

ಹೊರಟವರನ್ನು ‘ಎಲ್ಲಿಗೆ?’ ಎಂದು ಕೇಳಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಶಕುನದ ಮಾತು ಹಾಗಿರಲಿ, ಪರರ ವಿಚಾರದಲ್ಲಿ ತಲೆಹಾಕಬಾರದೆಂಬ ವಿವೇಕ ಅದರಲ್ಲಿದೆ. ‘ನೀವು ಯಾವ ಜನ?’, ‘ಸಂಬಳ ಎಷ್ಟು?’, ‘ಮಕ್ಕಳಾಗಲಿಲ್ಲವೇ?’, ‘ಮಗಳಿಗೆ ಇನ್ನೂ ಮದುವೆ ಮಾಡಲಿಲ್ಲವೇ?’ ಎಂಬ ಪ್ರಶ್ನೆಗಳನ್ನು ಆತ್ಮೀಯತೆಯೆಂದೇ ಕೇಳುವವರುಂಟು. ಉತ್ತರಿಸಬೇಕಾದವರಿಗೆ ಅದು ಆತ್ಮೀಯತೆಯಾಗಿ ತೋರುವುದಿಲ್ಲ. ಅವರು ಜಗಳವಾಡುವುದಿಲ್ಲ, ಮುಂದಿನ ಸಲ ಬೇರೆ ಅಂಗಡಿಗೆ ಹೋಗುತ್ತಾರೆ. ಏಕೆ ಹೋದರೆಂಬುದು ಅಂಗಡಿಯವರಿಗೆ ತಿಳಿಯುವುದೇ ಇಲ್ಲ.

ಮೊಬೈಲ್ ಸಂಖ್ಯೆಯ ಪ್ರಶ್ನೆಯೂ ಇದೇ ಸಾಲಿಗೆ ಸೇರುತ್ತದೆ. ಸಂಖ್ಯೆ ಕೊಡದಿದ್ದರೆ ಬಿಲ್ ಮಾಡಲಾಗದು ಎಂದು ಒತ್ತಾಯಿಸಬಾರದೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು 2023ರ ಮೇ ತಿಂಗಳಲ್ಲಿ ಸೂಚನೆ ನೀಡಿತು. ಗ್ರಾಹಕರು ವಿಶ್ವಾಸದಿಂದ ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಕಾನೂನಿನ ಅನುಮತಿಯಿಲ್ಲದೆ ಇತರರಿಗೆ ನೀಡುವುದು ಕೂಡ 2019ರ ಅಧಿನಿಯಮದಂತೆ ಅನುಚಿತ ಪದ್ಧತಿಯೇ. ಭರವಸೆ ಪತ್ರಕ್ಕಾಗಿ ಅಥವಾ ಮನೆಗೆ ಸರಕು ತಲುಪಿಸಲು ಸಂಖ್ಯೆ ಬೇಕಿದ್ದರೆ, ಕಾರಣ ಹೇಳಿ ಕೇಳಿದರೆ ಯಾರೂ ಬೇಸರಿಸುವುದಿಲ್ಲ.

ಕಾರ್ಖಾನೆಯೊಳಗಿನ ಮಾತಿಗೂ ಇದು ಅನ್ವಯಿಸುತ್ತದೆ. ಕೆಲಸ ಕೇಳಿ ಬಂದ ಯುವತಿಯನ್ನು ಮದುವೆಯ ಬಗ್ಗೆ ವಿಚಾರಿಸುವ ಬದಲು ‘ಯಾವ ಪಾಳಿಯಲ್ಲಿ ಬರಬಲ್ಲಿರಿ?’ ಎಂದು ಕೇಳಿದರೆ ಸಾಕು. ತಮಾಷೆಯೆಂದು ಆಡುವ ಲೈಂಗಿಕ ಧ್ವನಿಯ ಮಾತುಗಳು 2013ರ ಕಾಯ್ದೆಯಂತೆ ಲೈಂಗಿಕ ಕಿರುಕುಳವಾಗುತ್ತವೆ. 10 ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವಲ್ಲಿ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಸಣ್ಣ ಘಟಕದ ಮಹಿಳೆಯರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು.

ರೂಢಿಸಿಕೊಳ್ಳಬೇಕಾದದ್ದು

ಮಾತನ್ನು ತಿದ್ದಿಕೊಳ್ಳಲು ಬಂಡವಾಳ ಬೇಕಿಲ್ಲ. ಹಣದ ಮಾತು ಬಂದಾಗ ದಿನಾಂಕ ಮತ್ತು ಮೊತ್ತವನ್ನು ಹೇಳುವುದು. ಆಗದ್ದನ್ನು ಆಗದೆಂದು ಅಂದೇ ತಿಳಿಸುವುದು. ದರ ಹೇಳುವಾಗ ತೆರಿಗೆಯ ವಿಷಯವನ್ನೂ ಹೇಳುವುದು. ಬಾಯಿಮಾತಿನ ಒಪ್ಪಂದವನ್ನು ಅದೇ ದಿನ ಎರಡು ಸಾಲಿನಲ್ಲಿ ಬರೆದು ಕಳುಹಿಸುವುದು. ಪ್ರಶ್ನೆ ಕೇಳುವ ಮುನ್ನ ‘ಈ ಕೆಲಸಕ್ಕೆ ಇದು ಬೇಕೇ?’ ಎಂದು ತಮ್ಮನ್ನೇ ಕೇಳಿಕೊಳ್ಳುವುದು — ಇಷ್ಟನ್ನು ಯಜಮಾನರು ಪಾಲಿಸಿದರೆ ಸಿಬ್ಬಂದಿಯೂ ಕಲಿಯುತ್ತಾರೆ. ‘ಇಂದು ನಗದು, ನಾಳೆ ಉದ್ರಿ’ ಎಂಬ ಫಲಕವನ್ನು ಅಂಗಡಿಯಲ್ಲಿ ತೂಗುಹಾಕುವ ನಾವು, ನಮ್ಮ ಮಾತಿನಲ್ಲಿಯೂ ಉದ್ರಿಗೆ ಎಡೆಗೊಡದಿರುವುದು ಲೇಸು.