ಬೇಸಿಗೆ ಶಿಬಿರ ಮತ್ತು ಡೆಂಗಿ ಜ್ವರ: ಮಕ್ಕಳ ಆರೋಗ್ಯ ರಕ್ಷಣೆ

ಮೈಸೂರಿನ ಕಾರಂಜಿ ಕೆರೆಯ ಬಳಿಯಿರುವ ಪ್ರಾದೇಶಿಕ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯವು ಬೇಸಿಗೆ ರಜೆಯಲ್ಲಿ ಮಕ್ಕಳಿಗಾಗಿ ಹಗಲು ಶಿಬಿರಗಳನ್ನು ನಡೆಸುತ್ತ ಬಂದಿದೆ. ಗ್ರಾಮ ಪಂಚಾಯತಿಗಳ ಅರಿವು ಕೇಂದ್ರಗಳಲ್ಲಿಯೂ ಇಂತಹ ಶಿಬಿರಗಳು ಏರ್ಪಡುತ್ತವೆ. ರಾಜ್ಯ ಸರ್ಕಾರವು 2024ರ ಸೆಪ್ಟೆಂಬರ್‌ನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಉತ್ಪತ್ತಿ ತಡೆಯುವ ಹೊಣೆಯನ್ನು ಕಟ್ಟಡಗಳ ಮಾಲೀಕರು ಹಾಗೂ ಬಳಕೆದಾರರ ಮೇಲೂ ಇರಿಸಿದೆ. ಆದುದರಿಂದ ಪೋಷಕರು, ಶಿಕ್ಷಕರು ಮತ್ತು ಶಿಬಿರದ ವ್ಯವಸ್ಥಾಪಕರು ಈ ಕೆಳಗಿನ ವಿಷಯಗಳನ್ನು ಅರಿತಿರುವುದು ಅವಶ್ಯ.

ಶಿಬಿರದ ವೇಳೆಯೇ ಸೊಳ್ಳೆಯ ವೇಳೆ

ಡೆಂಗಿ ಹರಡುವ ಈಡಿಸ್ ಸೊಳ್ಳೆಯು ಹಗಲಿನಲ್ಲಿ, ವಿಶೇಷವಾಗಿ ಬೆಳಿಗ್ಗೆ ಮತ್ತು ಸಂಜೆಗೆ ಮುನ್ನ ಕಚ್ಚುತ್ತದೆ. ರಾತ್ರಿಯ ಸೊಳ್ಳೆಪರದೆಯೊಂದೇ ಸಾಲದು. ಮಕ್ಕಳಿಗೆ ತುಂಬುತೋಳಿನ ಅಂಗಿ ಹಾಗೂ ಕಾಲು ಮುಚ್ಚುವ ಉಡುಪು ತೊಡಿಸಿ ಕಳುಹಿಸತಕ್ಕದ್ದು.

ಈ ಸೊಳ್ಳೆಗೆ ಕೆರೆಗಿಂತಲೂ ಹೂಕುಂಡದ ತಟ್ಟೆ, ಏರ್ ಕೂಲರ್, ಹಳೆಯ ಟೈರು, ತೆಂಗಿನ ಚಿಪ್ಪುಗಳಲ್ಲಿ ನಿಂತ ನೀರೇ ಹೆಚ್ಚು ಅನುಕೂಲ. ಹುಣಸೂರು ಮತ್ತು ಪಿರಿಯಾಪಟ್ಟಣ ಭಾಗಗಳಲ್ಲಿ ಹೊಗೆಸೊಪ್ಪಿನ ಸಸಿಮಡಿಗಳಿಗೆ ನೀರು ತುಂಬಿಡುವ ಡ್ರಮ್ಮುಗಳೂ ಇದೇ ಸಾಲಿಗೆ ಸೇರುತ್ತವೆ. ಮೊಟ್ಟೆಯು ಸೊಳ್ಳೆಯಾಗಲು ಸುಮಾರು 7ರಿಂದ 10 ದಿನಗಳು ಬೇಕು. ಒಣಗಿದ ಪಾತ್ರೆಯ ಒಳಮೈಯಲ್ಲಿ ಮೊಟ್ಟೆಗಳು ತಿಂಗಳುಗಟ್ಟಲೆ ಉಳಿಯಬಲ್ಲವು. ಹೀಗಾಗಿ ವಾರಕ್ಕೊಮ್ಮೆ ನೀರು ಚೆಲ್ಲಿದರಷ್ಟೇ ಸಾಲದು. ಪಾತ್ರೆಯನ್ನು ಉಜ್ಜಿ ತೊಳೆದು, ಒಣಗಿಸಿ, ಮುಚ್ಚಿಡಬೇಕು. ಶಿಬಿರ ಆರಂಭವಾಗುವ ಮುನ್ನವೇ ಆವರಣದಲ್ಲಿ ಈ ಕಾರ್ಯ ಮುಗಿದಿರತಕ್ಕದ್ದು.

ಜ್ವರ ಇಳಿದ ದಿನ ಎಚ್ಚರಿಕೆ

ಡೆಂಗಿಯು ಮನುಷ್ಯರಿಂದ ಮನುಷ್ಯರಿಗೆ ನೇರವಾಗಿ ಹರಡುವುದಿಲ್ಲ. ಆದರೆ ಜ್ವರವಿರುವ ಮಗುವನ್ನು ಕಚ್ಚಿದ ಸೊಳ್ಳೆಯು ಕೆಲವು ದಿನಗಳ ನಂತರ ಇತರ ಮಕ್ಕಳಿಗೆ ರೋಗ ತಗುಲಿಸಬಲ್ಲದು. ಜ್ವರ ಬಂದ ಮಗುವನ್ನು ಮನೆಯಲ್ಲಿಯೇ ಇರಿಸಿಕೊಂಡು, ಹಗಲಿನಲ್ಲಿಯೂ ಸೊಳ್ಳೆಪರದೆಯೊಳಗೆ ಮಲಗಿಸಬೇಕು. ಆಶಾ ಕಾರ್ಯಕರ್ತೆಗೆ ತಿಳಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಬೇಕು.

ಸಾಮಾನ್ಯವಾಗಿ 3ರಿಂದ 7ನೇ ದಿನದೊಳಗೆ ಜ್ವರ ಇಳಿಯುತ್ತದೆ. ಮಗು ಚೇತರಿಸಿಕೊಂಡಿತೆಂದು ಮರುದಿನವೇ ಶಿಬಿರಕ್ಕೆ ಕಳುಹಿಸುವ ಪೋಷಕರುಂಟು. ವಾಸ್ತವದಲ್ಲಿ ರೋಗವು ಉಲ್ಬಣಿಸುವ ಸಂಭವ ಹೆಚ್ಚಾಗಿರುವುದು ಜ್ವರ ಇಳಿದ ನಂತರದ ಒಂದೆರಡು ದಿನಗಳಲ್ಲಿ. ತೀವ್ರ ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ಮೂಗು ಅಥವಾ ಒಸಡಿನಲ್ಲಿ ರಕ್ತ, ಕೈಕಾಲು ತಣ್ಣಗಾಗುವುದು, ಮಂಪರು, ಮೂತ್ರ ಕಡಿಮೆಯಾಗುವುದು ಅಪಾಯದ ಲಕ್ಷಣಗಳು. ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ವಾಹನಕ್ಕಾಗಿ 108ಕ್ಕೆ ಕರೆ ಮಾಡಬಹುದು.

ಜ್ವರಕ್ಕೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಮಾತ್ರ ನೀಡಬೇಕು. ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆಗಳು ರಕ್ತಸ್ರಾವದ ಅಪಾಯ ಹೆಚ್ಚಿಸುವುದರಿಂದ ಅವುಗಳನ್ನು ಕೊಡಬಾರದು. ಗಂಜಿ, ಎಳನೀರು, ಓಆರ್‌ಎಸ್ ದ್ರಾವಣವನ್ನು ಆಗಾಗ್ಗೆ ಕುಡಿಸುತ್ತಿರಬೇಕು.

ವ್ಯವಸ್ಥಾಪಕರ ಗಮನಕ್ಕೆ

ಪ್ರತಿದಿನ ಹಾಜರಾತಿಯೊಂದಿಗೆ ಮಕ್ಕಳ ಆರೋಗ್ಯವನ್ನೂ ವಿಚಾರಿಸುವುದು. ಗೈರುಹಾಜರಾದ ಮಗುವಿನ ಮನೆಗೆ ಅದೇ ದಿನ ದೂರವಾಣಿ ಮಾಡಿ ಕಾರಣ ತಿಳಿಯುವುದು. ಜ್ವರದಿಂದ ಮರಳಿದ ಮಗುವನ್ನು ವೈದ್ಯರ ಸಲಹೆಯ ನಂತರವೇ ಸೇರಿಸಿಕೊಳ್ಳುವುದು. ದೂರದ ಊರುಗಳಿಂದ ಬಸ್ಸಿನಲ್ಲಿ ಬರುವ ಮಕ್ಕಳು ಅಸ್ವಸ್ಥರಾದಲ್ಲಿ ಒಂಟಿಯಾಗಿ ಹಿಂದಕ್ಕೆ ಕಳುಹಿಸದೆ, ಪೋಷಕರು ಬರುವವರೆಗೆ ಆರೈಕೆ ಮಾಡುವುದು.