ಹಳೆಯ ದೊಡ್ಡ ಕಾರಿಗೆ ಹೊಸ ಬಲ: ಎಂಜಿನ್ ಬದಲಿಸುವ ಮುನ್ನ

ಚೆನ್ನೈನ ದಕ್ಷಿಣ ಅಂಚಿನ ವಂಡಲೂರು ಬಳಿ ಇದ್ದ ಸ್ಟ್ಯಾಂಡರ್ಡ್ ಮೋಟಾರ್ ಕಾರ್ಖಾನೆಯಿಂದ 1985ರಲ್ಲಿ 'ಸ್ಟ್ಯಾಂಡರ್ಡ್ 2000' ಎಂಬ ಕಾರು ಹೊರಬಂತು. ಮೈಕಟ್ಟು ಬ್ರಿಟನ್ನಿನ ರೋವರ್ ಎಸ್‌ಡಿ1ರದು. 1977ರಲ್ಲಿ ಯುರೋಪಿನ ವರ್ಷದ ಕಾರು ಎನಿಸಿಕೊಂಡಿದ್ದ ವಿನ್ಯಾಸ. ಅಲ್ಲಿ ಈ ಮೈಯನ್ನು ಎಳೆಯಲು ಮೂರೂವರೆ ಲೀಟರಿನ ವಿ8 ಎಂಜಿನ್ ಇತ್ತು. ಇಲ್ಲಿ ಕೂರಿಸಿದ್ದು 1940ರ ದಶಕದ ವ್ಯಾನ್‌ಗಾರ್ಡ್ ಕಾರಿನ ವಂಶಕ್ಕೆ ಸೇರಿದ 1991 ಸಿಸಿ ಎಂಜಿನ್, ಜೊತೆಗೆ ನಾಲ್ಕೇ ಗೇರು. ಪಿಕಪ್ ಇಲ್ಲ, ಪೆಟ್ರೋಲ್ ಮಾತ್ರ ಧಾರಾಳವಾಗಿ ಕುಡಿಯುತ್ತದೆ ಎಂಬ ಹೆಸರು ಬಂತು. ಕೆಲವೇ ವರ್ಷಗಳಲ್ಲಿ ತಯಾರಿಕೆ ನಿಂತುಹೋಯಿತು.

ಅದೇ ಕಾಲದ ಕಾಂಟೆಸ್ಸಾದ ಕಥೆಯೂ ಹೀಗೇ ಆಗಬೇಕಿತ್ತು. 1984ರಲ್ಲಿ ಹಿಂದುಸ್ತಾನ್ ಮೋಟರ್ಸ್ ಅದನ್ನು ತಂದಾಗ ವಾಕ್ಸ್‌ಹಾಲ್ ವಿಕ್ಟರಿನ ಉದ್ದನೆಯ ಮೈಗೆ ಅಂಬಾಸಿಡರಿನ 1489 ಸಿಸಿ ಎಂಜಿನ್ನನ್ನೇ ಹಾಕಿತ್ತು. ಶಕ್ತಿ ಸುಮಾರು 50 ಅಶ್ವಶಕ್ತಿ. ಅದನ್ನು ಉಳಿಸಿದ್ದು ಆ ದಶಕದ ಕೊನೆಗೆ ಬಂದ ಇಸುಝು 1817 ಸಿಸಿ ಎಂಜಿನ್ ಮತ್ತು ಐದು ಗೇರಿನ ಗೇರ್‌ಬಾಕ್ಸ್. 1990ರ ದಶಕದಲ್ಲಿ ಅಂಬಾಸಿಡರಿಗೂ ಅದೇ ಜೋಡಿ ಬಂತು. ಹಳೆಯ ದೊಡ್ಡ ಕಾರಿಗೆ ಬಲ ತುಂಬಬೇಕೆನ್ನುವವರು ಮೊದಲು ನೋಡಬೇಕಾದ್ದು ಕಂಪನಿಯೇ ಮಾಡಿ ತೋರಿಸಿದ ಈ ಬದಲಾವಣೆಯನ್ನು. ಅಲ್ಲಿ ಎಂಜಿನ್ ಒಂಟಿಯಾಗಿ ಬರಲಿಲ್ಲ, ಗೇರ್‌ಬಾಕ್ಸನ್ನು ಜೊತೆಗೇ ತಂದಿತು.

ಇದಕ್ಕೆ ಕಾರಣವಿದೆ. ದುರ್ಬಲ ಎಂಜಿನ್ನಿನ ಕಾರಿನಲ್ಲಿ ಹಿಂದಿನ ಆಕ್ಸಲ್‌ನ ಕ್ರೌನ್-ಪಿನಿಯನ್ ಅನುಪಾತವನ್ನು ಎಳೆತಕ್ಕೆಂದೇ ಇಟ್ಟಿರುತ್ತಾರೆ. ಎಂಜಿನ್ ಹೆಚ್ಚು ಸುತ್ತಿದರೂ ಚಕ್ರ ಕಡಿಮೆ ಸುತ್ತುತ್ತದೆ. ಅದೇ ನಾಲ್ಕು ಗೇರನ್ನು ಉಳಿಸಿಕೊಂಡು ಬಲಿಷ್ಠ ಎಂಜಿನ್ ಹಾಕಿದರೆ ಹೆದ್ದಾರಿಯಲ್ಲಿ ಅದು ಅರಚುತ್ತಲೇ ಇರುತ್ತದೆ. ಹಾಕಿದ ಖರ್ಚಿನ ಅರ್ಧ ಸುಖವೂ ಸಿಗುವುದಿಲ್ಲ. ಐದನೇ ಗೇರು ಇದ್ದರೆ ಅದೇ ವೇಗಕ್ಕೆ ಎಂಜಿನ್ ನಿಧಾನವಾಗಿ ಸುತ್ತುತ್ತದೆ. ಹಾಗಾಗಿ ಚೆನ್ನೈನ ಪುದುಪೇಟೆಯ ಹಳೆ ಬಿಡಿಭಾಗಗಳ ಅಂಗಡಿಗಳಿಗೆ ಹೋದಾಗ ಎಂಜಿನ್ನಿನ ಬೆಲೆಯೊಂದನ್ನೇ ಕೇಳಬೇಡಿ. ಗೇರ್‌ಬಾಕ್ಸ್, ಬೆಲ್ ಹೌಸಿಂಗ್, ಕ್ಲಚ್, ಮೌಂಟಿಂಗ್, ಪ್ರೊಪೆಲ್ಲರ್ ಶಾಫ್ಟ್, ರೇಡಿಯೇಟರ್ ಎಲ್ಲವೂ ಒಂದೇ ಕಾರಿನಿಂದ ಬಿಚ್ಚಿದ್ದಾಗಿರಲಿ. ಎಂಜಿನ್ ನಂಬರ್ ಬರೆದ ಬಿಲ್ ಇಲ್ಲದಿದ್ದರೆ ಎಷ್ಟೇ ಅಗ್ಗವಾದರೂ ತಿರುಗಿ ಬನ್ನಿ.

ಗ್ಯಾರೇಜಿನ ಕೆಲಸದಲ್ಲಿ ಸಮಯ ತಿನ್ನುವುದು ಎಂಜಿನ್ ಇಳಿಸಿ ಏರಿಸುವುದಲ್ಲ, ಅಳತೆ. ಆಯಿಲ್ ಸಂಪಿನ ಆಳದ ಭಾಗ ಮುಂದಿದೆಯೋ ಹಿಂದಿದೆಯೋ ಎಂಬುದು ಮುಖ್ಯ. ಅಡ್ಡ ಕಬ್ಬಿಣಕ್ಕೋ ಸ್ಟಿಯರಿಂಗ್ ಭಾಗಕ್ಕೋ ತಗುಲಿದರೆ ಸಂಪನ್ನೇ ಕತ್ತರಿಸಿ ಬೆಸುಗೆ ಹಾಕಿಸಬೇಕಾಗುತ್ತದೆ. ಸ್ಟಿಯರಿಂಗ್ ಬಳಿ ಗೇರ್ ಕೋಲಿರುವ ಹಳೆಯ ಅಂಬಾಸಿಡರಿಗೆ ಇಸುಝು ಗೇರ್‌ಬಾಕ್ಸ್ ಹಾಕಿದರೆ ನೆಲದ ತಗಡನ್ನು ಕೊಯ್ದು ಕೋಲಿಗೆ ದಾರಿ ಮಾಡಬೇಕು. ಗೇರ್‌ಬಾಕ್ಸಿನ ಉದ್ದ ಬೇರೆಯಾದರೆ ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಿ ಬೆಸೆಯಬೇಕು. ಬೆಸೆದ ಮೇಲೆ ಬ್ಯಾಲೆನ್ಸಿಂಗ್ ಮಾಡಿಸದಿದ್ದರೆ ಒಂದು ವೇಗ ದಾಟಿದೊಡನೆ ಇಡೀ ಕಾರು ನಡುಗುತ್ತದೆ. ಎಂಜಿನ್ ತೂಕ ಹೆಚ್ಚಾದರೆ ಮುಂಭಾಗ ಕುಸಿಯುತ್ತದೆ. ಅಂಬಾಸಿಡರಿನಲ್ಲಿ ಟಾರ್ಷನ್ ಬಾರ್ ಬಿಗಿಮಾಡಿ ಎತ್ತರವನ್ನು ಸರಿಪಡಿಸಬಹುದು; ಕಾಂಟೆಸ್ಸಾಕ್ಕೆ ಸ್ಪ್ರಿಂಗ್ ಬದಲಿಸಬೇಕು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು ಬ್ರೇಕು. ಕಾರಿನ ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 80 ಕಿ.ಮೀ. ಓಡುತ್ತಿದ್ದ ಕಾರು 100ಕ್ಕೆ ಏರಿದರೆ ಬ್ರೇಕು ತಡೆಯಬೇಕಾದ ಶಕ್ತಿ ಶೇ 56ರಷ್ಟು ಹೆಚ್ಚುತ್ತದೆ. ಡ್ರಮ್ ಬ್ರೇಕಿನ ಕಾರಾದರೆ ಮುಂದಕ್ಕೆ ಡಿಸ್ಕ್ ಹಾಕಿಸದೆ ದೊಡ್ಡ ಎಂಜಿನ್ನಿನ ಮಾತೇ ಎತ್ತಬಾರದು. ಪೆಟ್ರೋಲ್ ತೆಗೆದು ಡೀಸೆಲ್ ಹಾಕುವವರಿಗೆ ಇನ್ನೊಂದು ಅಪಾಯವಿದೆ. ಬ್ರೇಕ್ ಬೂಸ್ಟರ್ ಕೆಲಸ ಮಾಡುವುದು ಪೆಟ್ರೋಲ್ ಎಂಜಿನ್ನಿನ ಇನ್‌ಟೇಕ್ ಕೊಳವೆಯಲ್ಲಿ ಗಾಳಿಯನ್ನು ತಡೆದಾಗ ಹುಟ್ಟುವ ನಿರ್ವಾತದಿಂದ. ಹಳೆಯ ಡೀಸೆಲ್ ಎಂಜಿನ್ನಿನಲ್ಲಿ ಗಾಳಿಗೆ ಅಂಥ ತಡೆ ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ ಬೂಸ್ಟರಿಗೆ ಬೇಕಾದ ನಿರ್ವಾತ ಹುಟ್ಟದು. ಅದಕ್ಕೆಂದೇ ಇಂಥ ಎಂಜಿನ್ನುಗಳಿಗೆ, ಹೆಚ್ಚಾಗಿ ಆಲ್ಟರ್ನೇಟರ್ ಹಿಂದೆಯೇ, ಪುಟ್ಟ ವ್ಯಾಕ್ಯೂಮ್ ಪಂಪ್ ಇರುತ್ತದೆ. ಅದನ್ನು ಬಿಟ್ಟು ಬಂದರೆ, ಅಥವಾ ಪೈಪು ಸೋರಿದರೆ, ಪೆಡಲ್ ಕಲ್ಲಾಗುತ್ತದೆ. ಎಂಜಿನ್ ಓಡುತ್ತಿರುವಾಗ ಬ್ರೇಕ್ ಒತ್ತಿ, ಆಫ್ ಮಾಡಿ ಮತ್ತೆ ಒತ್ತಿ ನೋಡಿ: ಮೊದಲ ಒಂದೆರಡು ಸಲ ಪೆಡಲ್ ಮೃದುವಾಗಿಯೇ ಇರಬೇಕು.

ಚೆನ್ನೈನ ಮೇ ತಿಂಗಳಲ್ಲಿ ಅಣ್ಣಾ ಸಾಲೈ ಸಿಗ್ನಲ್ಲುಗಳಲ್ಲಿ ತೆವಳುವ ಕಾರಿಗೆ ಗಾಳಿ ಬರುವುದು ಫ್ಯಾನಿನಿಂದ ಮಾತ್ರ. ದಪ್ಪ ಕೋರ್‌ನ ರೇಡಿಯೇಟರ್ ಹಾಕಿಸಿದರಷ್ಟೇ ಸಾಲದು; ಫ್ಯಾನಿನ ಸುತ್ತಲ ಕವಚ ಇರಲೇಬೇಕು, ಇಲ್ಲವಾದರೆ ಫ್ಯಾನು ಬಾನೆಟ್ಟಿನೊಳಗಿನ ಬಿಸಿಗಾಳಿಯನ್ನೇ ತಿರುಗಿಸುತ್ತಿರುತ್ತದೆ.

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅಕ್ರಮ ಮಾರ್ಪಾಟಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೇ ಪ್ರತಿ ಮಾರ್ಪಾಟಿಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಅದೇ ಮಾದರಿಯ ಎಂಜಿನ್ ಹಾಕಿದರೂ ನಂಬರ್ ಬದಲಾಗುತ್ತದೆ. ಆದ್ದರಿಂದ ಬೋಲ್ಟ್ ಬಿಚ್ಚುವ ಮೊದಲು ಆರ್‌ಟಿಒ ಕಚೇರಿಗೆ ಅರ್ಜಿ ಕೊಟ್ಟು ಲಿಖಿತ ಅನುಮತಿ ಪಡೆಯಿರಿ. ಕೊಡದಿದ್ದರೆ ಆಸೆ ಬಿಡಿ. ಆರ್‌ಸಿಗೆ ಹೊಂದದ ಎಂಜಿನ್ ಇದ್ದರೆ ಅಪಘಾತವಾದಾಗ ವಿಮೆ ಕಂಪನಿ ಪರಿಹಾರಕ್ಕೆ ತಕರಾರು ತೆಗೆಯಬಹುದು.

50 ವರ್ಷ ದಾಟಿದ ಕಾರಿನವರಿಗೆ ಒಂದು ಮಾತು. 2021ರ ನಿಯಮಗಳಂತೆ ವಿಂಟೇಜ್ ನೋಂದಣಿ ಸಿಗುವುದು ಮೂಲ ರೂಪದಲ್ಲಿ ಉಳಿದ ವಾಹನಕ್ಕೆ ಮಾತ್ರ. ಅಂಥ ಕಾರಿನ ಎಂಜಿನ್ ಬದಲಿಸಬೇಡಿ, ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸಿಕೊಳ್ಳಿ. ಉಳಿದವರೂ ಕಳಚಿದ ಮೂಲ ಎಂಜಿನ್ನನ್ನು ಗುಜರಿಗೆ ಹಾಕದಿರಿ. ಸಿಲಿಂಡರುಗಳಿಗೆ ಎಣ್ಣೆ ಬಿಟ್ಟು, ತೂತುಗಳನ್ನು ಮುಚ್ಚಿ, ಉಪ್ಪುಗಾಳಿ ತಾಗದ ಒಣ ಜಾಗದಲ್ಲಿಡಿ. ಮುಂದೆ ಕಾರು ಕೊಳ್ಳುವವರು ಮೊದಲು ಕೇಳುವುದು ಅದನ್ನೇ.