ಜೀವಕೋಶದೊಳಗಿನ ಚಿಕ್ಕ ಚೀಟಿಗಳು

“ಹುಟ್ಟುಗುಣ ಸುಟ್ಟರೂ ಹೋಗದು” ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಮಗಳ ಮೂಗು ಅಜ್ಜಿಯ ಮೂಗಿನಂತಿದ್ದರೆ ಹಿಗ್ಗುವ ನಾವೇ, ಮನೆತನದಲ್ಲಿ ಯಾವುದಾದರೊಂದು ವ್ಯಾಧಿಯಿದ್ದರೆ ಅದು ಮಕ್ಕಳನ್ನೂ ಬಿಡದೆಂದು ಅಂಜುವೆವು. “ಜೀನಿನಲ್ಲಿಯೇ ಇದ್ದ ಮೇಲೆ ಮಾಡುವುದೇನು, ಅಮ್ಮನವರೇ?” ಎಂದು ಎಷ್ಟೋ ಮಂದಿ ತಾಯಂದಿರು ನಮ್ಮನ್ನು ಕೇಳಿದ್ದುಂಟು. ವೈದ್ಯರು ಹೇಳತಕ್ಕ ಮಾತನ್ನು ನಾವು ಹೇಳಲಾರೆವು. ಆದರೆ ಜೀನನ್ನು ಪಡೆದಿರುವುದು ಒಂದು, ಅದು ಕೆಲಸಕ್ಕೆ ತೊಡಗುವುದು ಮತ್ತೊಂದು ಎಂಬುದನ್ನು ವಿಜ್ಞಾನವು ಸ್ಪಷ್ಟವಾಗಿ ತೋರಿಸಿಕೊಟ್ಟಿದೆ. ಇವೆರಡರ ನಡುವೆ ನಿಂತು ಕೆಲಸವನ್ನು ತಡೆಯುವ ಅತಿ ಚಿಕ್ಕ ವಸ್ತುಗಳನ್ನು ಕುರಿತು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ನಾಲ್ಕು ಮಾತುಗಳನ್ನು ತಿಳಿಸಬಯಸುತ್ತೇವೆ.

ನಮ್ಮ ದೇಹವು ಕೋಟ್ಯನುಕೋಟಿ ಜೀವಕೋಶಗಳಿಂದಾದದ್ದು. ಹೆಚ್ಚುಕಡಿಮೆ ಪ್ರತಿಯೊಂದು ಕೋಶದ ನಡುವಣ ಕೇಂದ್ರದಲ್ಲಿಯೂ ಡಿಎನ್‌ಎ ಎಂಬ ಒಂದೇ ಮಹಾಗ್ರಂಥವಿದೆ. ಅದರಲ್ಲಿ ಸಸಾರಜನಕಗಳನ್ನು, ಅಂದರೆ ಪ್ರೋಟೀನುಗಳನ್ನು, ಸಿದ್ಧಪಡಿಸುವ ವಿಧಾನಗಳು ಸುಮಾರು 20,000 ಇವೆ, ಇವುಗಳೇ ಜೀನುಗಳು. ಕಣ್ಣಿನ ಕೋಶದಲ್ಲಿಯೂ ಪಿತ್ತಕೋಶದ ಕೋಶದಲ್ಲಿಯೂ ಗ್ರಂಥವು ಒಂದೇ ಆಗಿದ್ದರೂ, ಕಣ್ಣು ಪಿತ್ತವನ್ನು ಸುರಿಸುವುದಿಲ್ಲ. ಯಾವ ಪುಟವನ್ನು ಎಲ್ಲಿ, ಯಾವಾಗ, ಎಷ್ಟು ಓದಬೇಕೆಂಬ ಕಟ್ಟಳೆಯಿರುವುದೇ ಇದಕ್ಕೆ ಕಾರಣ.

ನಮ್ಮ ಬೋರ್ಡಿಂಗಿನಲ್ಲಿ ಬೆಳೆದವರಿಗೆ ಈ ಏರ್ಪಾಡು ಹೊಸದಾಗಿ ಕಾಣದು. ಆಫೀಸಿನ ದೊಡ್ಡ ರಿಜಿಸ್ಟರು ಬೀರುವನ್ನು ಬಿಟ್ಟು ಹೊರಡುವುದಿಲ್ಲ. ಬೇಕಾದ ಪುಟದ ನಕಲು ಮಾತ್ರ ಅಡಿಗೆಮನೆಗೆ ಹೋಗುವುದು. ನಕಲನ್ನು ನೋಡಿ ಅಡಿಗೆಯವರು ಅಡಿಗೆ ಮಾಡುವರು. ಕೋಶದಲ್ಲಿ ಹೀಗೆ ನಕಲಾಗಿ ಹೊರಡುವ ಓಲೆಗೆ ಸಂದೇಶವಾಹಕ ಆರ್‌ಎನ್‌ಎ ಎಂದು ಹೆಸರು. ಯಾವ ಪುಟವು ನಕಲಾಗಬೇಕೆಂಬುದನ್ನು ಮುಖ್ಯವಾಗಿ ಕೆಲವು ಪ್ರೋಟೀನುಗಳೇ ನಿರ್ಣಯಿಸುವುವು. ಆದರೆ ನಕಲು ಅಡಿಗೆಮನೆಯನ್ನು ಮುಟ್ಟಿದ ಮೇಲೆಯೂ, “ಇದನ್ನು ಇಂದು ಮಾಡತಕ್ಕದ್ದಲ್ಲ” ಎಂಬ ಒಂದು ಚಿಕ್ಕ ಚೀಟಿಯನ್ನು ಅದಕ್ಕೆ ಅಂಟಿಸುವುದು ಸಾಧ್ಯವಷ್ಟೆ? ಪ್ರಾಣಿಗಳ ಕೋಶದೊಳಗೂ ಅಂಥ ಚೀಟಿಗಳಿರುವುದು 1993ರಲ್ಲಿ ಬೆಳಕಿಗೆ ಬಂದಿತು.

ಅವುಗಳನ್ನು ತೋರಿಸಿಕೊಟ್ಟದ್ದು ಮಣ್ಣಿನಲ್ಲಿ ವಾಸಿಸುವ, 1 ಮಿಲಿಮೀಟರು ಉದ್ದದ, ಗಾಜಿನಂತೆ ಪಾರದರ್ಶಕವಾದ ಒಂದು ಹುಳು. ಇದು ನಾಲ್ಕು ಮರಿ ಅವಸ್ಥೆಗಳನ್ನು ದಾಟಿ ಪ್ರೌಢವಾಗುವುದು. ಆದರೆ ಲಿನ್-4 ಎಂಬ ಜೀನು ಕೆಟ್ಟಿರುವ ಹುಳುವಾದರೋ, ಮೊದಲನೆಯ ತರಗತಿಯ ಪಾಠವನ್ನೇ ಮರಳಿ ಮರಳಿ ಓದುವ ಮಗುವಿನಂತೆ, ಮೊದಲ ಅವಸ್ಥೆಯ ಕೆಲಸಗಳನ್ನೇ ಪುನಃ ಪುನಃ ಮಾಡುತ್ತಿರುವುದು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ವಿಕ್ಟರ್ ಆಂಬ್ರೋಸ್ ಎಂಬವರೂ ಅವರ ಸಹಕಾರಿಗಳಾದ ರೋಸಲಿಂಡ್ ಲೀ, ರಾಂಡಾ ಫೈನ್‌ಬಾಮ್ ಎಂಬ ಇಬ್ಬರು ಮಹಿಳೆಯರೂ ಈ ಜೀನನ್ನು ಬಹು ಪ್ರಯಾಸದಿಂದ ಹುಡುಕಿ ತೆಗೆದರು. ಅದರಿಂದ ಒಂದು ಪ್ರೋಟೀನು ಹುಟ್ಟಬೇಕೆಂದು ಎಲ್ಲರೂ ನಿರೀಕ್ಷಿಸಿದ್ದರು. ಪ್ರೋಟೀನು ಸಿಕ್ಕಲಿಲ್ಲ, ಸಿಕ್ಕಿದ್ದು ಕೇವಲ 22 ಅಕ್ಷರಗಳ ಒಂದು ಆರ್‌ಎನ್‌ಎ ತುಣುಕು! ಅದೇ ಕಾಲದಲ್ಲಿ ಗ್ಯಾರಿ ರುವ್ಕನ್ ಎಂಬ ಮತ್ತೊಬ್ಬ ವಿದ್ವಾಂಸರು ಲಿನ್-14 ಎಂಬ ಬೇರೊಂದು ಜೀನನ್ನು ಪರೀಕ್ಷಿಸುತ್ತಿದ್ದರು. ಇಬ್ಬರೂ ತಮ್ಮ ಅಕ್ಷರಮಾಲೆಗಳನ್ನು ಹೋಲಿಸಿ ನೋಡಲಾಗಿ, ಗುಂಡಿಗೆ ಕಾಜವು ಹೊಂದುವಂತೆ, ಆ ತುಣುಕು ಲಿನ್-14ರ ಓಲೆಯ ಕೊನೆಯ ಭಾಗದಲ್ಲಿ ಹಲವೆಡೆ ಹೊಂದಿಕೊಳ್ಳುವುದು ಕಂಡುಬಂದಿತು. ತುಣುಕು ಅಂಟಿಕೊಂಡರೆ ಓಲೆಯಿಂದ ಪ್ರೋಟೀನು ಹುಟ್ಟದು. ಆಗ ಹುಳುವು ಮುಂದಿನ ಅವಸ್ಥೆಗೆ ನಡೆಯುವುದು. ಬೆಳೆಯುವುದಕ್ಕೆ ಹೊಸ ಕೆಲಸವನ್ನು ಆರಂಭಿಸಿದರೆ ಸಾಲದು, ಹಳೆಯ ಕೆಲಸವನ್ನು ಸಕಾಲದಲ್ಲಿ ನಿಲ್ಲಿಸಲೂ ಬೇಕು.

ಇದು ಹುಳುವೊಂದರ ವಿಚಿತ್ರವೆಂದು ಹಲವರು ಬದಿಗಿಟ್ಟರು. ಆದರೆ 2000ದಲ್ಲಿ ರುವ್ಕನ್ನರ ಪ್ರಯೋಗಶಾಲೆಯವರು ಲೆಟ್-7 ಎಂಬ ಇಂಥದೇ ಇನ್ನೊಂದು ತುಣುಕನ್ನು ಕಂಡುಹಿಡಿದರು. ಅದು ನೊಣದಲ್ಲಿಯೂ ಮೀನಿನಲ್ಲಿಯೂ ಮನುಷ್ಯರಲ್ಲಿಯೂ ಇರುವುದು ತಿಳಿದಾಗ ಲೋಕವು ಎಚ್ಚೆತ್ತಿತು. ಈಗ ಇವುಗಳಿಗೆ ಮೈಕ್ರೋ ಆರ್‌ಎನ್‌ಎ ಎಂದು ಹೆಸರು. ಕೋಶವು ಮೊದಲು ಉದ್ದವಾದ, ಮಡಿಚಿಕೊಂಡ ಎಳೆಯನ್ನು ನೇಯುವುದು. ಡೈಸರ್ ಎಂಬ ಪ್ರೋಟೀನು ಕತ್ತರಿಯಂತೆ ಅದನ್ನು ಸುಮಾರು 22 ಅಕ್ಷರಗಳಿಗೆ ಕತ್ತರಿಸುವುದು. ಆರ್ಗೊನಾಟ್ ಎಂಬ ಪ್ರೋಟೀನು ಆ ತುಣುಕನ್ನು ಹಿಡಿದುಕೊಂಡು ತಕ್ಕ ಓಲೆಯನ್ನು ಹುಡುಕುವುದು. ಹೊಂದಿಕೆಯು ಪೂರ್ಣವಾಗಿದ್ದರೆ ಓಲೆಯು ತುಂಡಾಗಬಹುದು. ಅರೆಯಾಗಿದ್ದರೆ ಓದು ತಡೆಯಲ್ಪಟ್ಟು ಓಲೆಯು ಬೇಗನೆ ಕ್ಷಯಿಸುವುದು. ಒಂದೇ ಚೀಟಿಯು ಹಲವು ಜೀನುಗಳ ಓಲೆಗಳಿಗೆ ಅಂಟುವುದೂ ಉಂಟು.

ಗಿಡಗಳಲ್ಲಿಯೂ ಇಂಥದೊಂದು ಸೋಜಿಗವು ಕಂಡುಬಂದಿತ್ತು. ಪೆಟೂನಿಯ ಹೂವಿನ ನೇರಳೆ ಬಣ್ಣವನ್ನು ಗಾಢಮಾಡಬೇಕೆಂದು ಕ್ಯಾರೊಲಿನ್ ನಪೋಲಿ, ರಿಚರ್ಡ್ ಜೋರ್ಗೆನ್‌ಸನ್ ಮೊದಲಾದವರು ಬಣ್ಣದ ಜೀನಿನ ಮತ್ತೊಂದು ಪ್ರತಿಯನ್ನು ಗಿಡಕ್ಕೆ ಸೇರಿಸಿದರು. ಅನೇಕ ಹೂಗಳು ಬೆಳ್ಳಗೆ ಅರಳಿದವೆಂದು 1990ರಲ್ಲಿ ವರದಿಮಾಡಿದರು. ಹೊಸ ಪ್ರತಿಯೊಂದಿಗೆ ಹಳೆಯದೂ ಮೌನವಾಗಿತ್ತು. ಇದರ ಗುಟ್ಟು 1998ರ ಅನಂತರ ಬಿಚ್ಚಿಕೊಂಡಿತು. ಆ ವರುಷ ಆಂಡ್ರೂ ಫೈರ್, ಕ್ರೇಗ್ ಮೆಲ್ಲೊ ಮತ್ತು ಅವರ ಜತೆಗಾರರು ಎರಡೆಳೆಯ ಆರ್‌ಎನ್‌ಎಯನ್ನು ಅದೇ ಹುಳುವಿನೊಳಗೆ ಸೇರಿಸಿ, ಅದಕ್ಕೆ ಸರಿಹೊಂದುವ ಜೀನನ್ನು ಬೇಕೆಂದಾಗ ಮೌನಗೊಳಿಸಬಹುದೆಂದು ತೋರಿಸಿದರು. ಫೈರ್ ಮತ್ತು ಮೆಲ್ಲೊ ಇವರಿಗೆ 2006ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ಇನ್ನು ತಾಯಂದಿರ ಪ್ರಶ್ನೆ. ಟ್ರಾನ್ಸ್‌ಥೈರೆಟಿನ್ ಎಂಬ ಪ್ರೋಟೀನಿನ ಜೀನು ಕೆಟ್ಟಿರುವ ಕೆಲವು ಮನೆತನಗಳಲ್ಲಿ, ಆ ಪ್ರೋಟೀನು ನರಗಳಲ್ಲಿಯೂ ಹೃದಯದಲ್ಲಿಯೂ ಶೇಖರವಾಗಿ ಮನುಷ್ಯರನ್ನು ಕುಗ್ಗಿಸುವುದು. ಇದಕ್ಕೆ ಪಟಿಸಿರಾನ್ ಎಂಬ ಔಷಧಕ್ಕೆ 2018ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಕೊಬ್ಬಿನ ಕಣಗಳಲ್ಲಿ ಸುತ್ತಿದ ಚಿಕ್ಕ ಆರ್‌ಎನ್‌ಎಯನ್ನು ರಕ್ತನಾಳದ ಮೂಲಕ ಕೊಡಲು, ಅದು ಯಕೃತ್ತನ್ನು ಸೇರಿ ಆ ಪ್ರೋಟೀನಿನ ಓಲೆಗಳನ್ನು ನಾಶಪಡಿಸುವುದು. ಜೀನು ಇದ್ದಲ್ಲಿಯೇ ಇದೆ. ಗ್ರಂಥದ ಒಂದಕ್ಷರವೂ ಬದಲಾಗಿಲ್ಲ. ಆದರೂ ಕೇಡು ತಗ್ಗಿದೆ. ಎಲ್ಲಾ ವಂಶಪಾರಂಪರ್ಯ ರೋಗಗಳಿಗೂ ಇಂಥ ಚೀಟಿಯುಂಟೆಂದು ತಿಳಿಯಬಾರದು. ಈ ತುಣುಕುಗಳನ್ನು ಬೇಕಾದ ಅಂಗಕ್ಕೆ ಮುಟ್ಟಿಸುವುದೇ ಕಷ್ಟ. ಯಕೃತ್ತಿಗೆ ಮುಟ್ಟಿಸಿದಷ್ಟು ಸುಲಭವಾಗಿ ಮಿಕ್ಕ ಅಂಗಗಳಿಗೆ ಮುಟ್ಟಿಸಲಾಗುವುದಿಲ್ಲ. ಆದರೆ “ಜೀನಿನಲ್ಲಿದೆ” ಎಂಬ ಮಾತು ತೀರ್ಪಿನ ಕೊನೆಯ ವಾಕ್ಯವಲ್ಲವೆಂದು ಧೈರ್ಯವಾಗಿ ಹೇಳಬಹುದು. ಅಂಥ ಮಾತನ್ನು ಕೇಳಿದವರು ಕೈಚೆಲ್ಲಿ ಕುಳಿತುಕೊಳ್ಳದೆ, ಮುಂದೇನೆಂದು ವೈದ್ಯರನ್ನು ವಿಚಾರಿಸತಕ್ಕದ್ದು.

ಕಡೆಯದಾಗಿ ನಮ್ಮ ಹುಡುಗಿಯರಿಗೊಂದು ಮಾತು. 2024ರ ನೊಬೆಲ್ ಪಾರಿತೋಷಕವು ಆಂಬ್ರೋಸ್ ಮತ್ತು ರುವ್ಕನ್ ಇವರಿಗೆ ಸಂದಿತು. 22 ಅಕ್ಷರಗಳ ಆ ತುಣುಕನ್ನು ಪ್ರಕಟಿಸಿದ 1993ರ ಪ್ರಬಂಧದಲ್ಲಾದರೋ ಮೊದಲನೆಯ ಹೆಸರು ರೋಸಲಿಂಡ್ ಲೀ ಅವರದು, ಎರಡನೆಯದು ರಾಂಡಾ ಫೈನ್‌ಬಾಮ್ ಅವರದು. ನಿರೀಕ್ಷಿಸಿದ್ದು ಸಿಕ್ಕದಿದ್ದಾಗ ಅವರು ಆ ಹುಳುವನ್ನು ಕೈಬಿಡದೆ, ಸಿಕ್ಕಿದ್ದು ಏನೆಂದು ಕೇಳಿದರು. ವಿಜ್ಞಾನದ ತರಗತಿಯಲ್ಲಿ ಉತ್ತರವು ಪುಸ್ತಕದಂತೆ ಬಾರದಿದ್ದಾಗ ಅಳಿಸುವ ರಬ್ಬರಿಗೆ ಕೈಹಾಕುವ ಮೊದಲು, ಹಾಗೇಕೆ ಬಂದಿತೆಂದು ಒಂದು ಗಳಿಗೆ ಯೋಚಿಸಿರಿ.